ಕೊನೆಯ ಸಲ ಚೆನ್ನಾಗಿದ್ದದ್ದು

"ಕಾಲರಿಂದ ಶುರು ಮಾಡೋ, ಕಾಲರಿಂದ! ಬೆನ್ನಿಂದ ಯಾರಾದ್ರೂ ಶುರು ಮಾಡ್ತಾರಾ?" ಎಂದು ಸೋದರತ್ತೆ ಬಾಗಿಲಲ್ಲಿ ನಿಂತು ಗದರುವ ಹೊತ್ತಿಗೆ ಮಗ ಅಪ್ಪನ ಅಂಗಿಯ ಬೆನ್ನಿನ ಮೇಲೆ ಎರಡನೆಯ ಸುಕ್ಕು ಮೂಡಿಸಿ ಆಗಿತ್ತು.

ನಲವತ್ತೈದು ವರ್ಷ ಊರಿನ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿದವನು ಒಳಗಿನ ಕೋಣೆಯಲ್ಲಿ ಬರೀ ಬನಿಯನ್ನಿನಲ್ಲಿ ಮಲಗಿದ್ದ. ಅವನ ಕೊನೆಯ ಅಂಗಿಗೆ ನೆಟ್ಟಗೆ ಇಸ್ತ್ರಿ ಹಾಕಲು ಬರುವವರು ಮನೆಯಲ್ಲಿ ಒಬ್ಬರೂ ಇಲ್ಲ. ಮಗ ಸ್ಕೂಲ್ ವ್ಯಾನ್ ಓಡಿಸುವವನು. ಮಗಳು ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಕೆಲಸದವಳು. ದಿನಕ್ಕೆ ಐನೂರು ಅಂಗಿಯ ತಪ್ಪು ಹಿಡಿದಾಳು, ಒಂದಕ್ಕೂ ಇಸ್ತ್ರಿ ಹಾಕಲಾರಳು. ಸೋದರತ್ತೆಗೆ ಬಾಯಿ ಮಾತ್ರ ಬರುತ್ತದೆ.

ಮುಂದೆ ಅಂಗಡಿ, ಹಿಂದೆ ಮನೆ. ಇಸ್ತ್ರಿ ಮೇಜನ್ನು ಗೋಡೆಗೆ ಸರಿಸಿ ಕುರ್ಚಿಗಳನ್ನು ಹಾಕಿದ್ದರು. ಹೆಣ ಒಯ್ಯುವ ಗಾಡಿ ಬರುವುದು ಮೂರು ಗಂಟೆಗೆ. ಬಂದವರೆಲ್ಲ ಇಸ್ತ್ರಿ ಹಾಕಿದ ಬಟ್ಟೆಯಲ್ಲೇ ಬಂದಿದ್ದರು. ಸುಕ್ಕಿನ ಅಂಗಿ ತೊಟ್ಟು ಇಸ್ತ್ರಿಯಣ್ಣನ ಮುಖ ನೋಡಲು, ಅವನು ಸತ್ತ ಮೇಲೂ, ಯಾರಿಗೂ ಧೈರ್ಯವಾಗಿರಲಿಲ್ಲ.

ಸತ್ತವನ ಬಗ್ಗೆ ಎರಡು ಮಾತು ಆದರೆ ಮಗನ ಬಗ್ಗೆ ನಾಲ್ಕು ಆಗುತ್ತಿತ್ತು.

"ಇದ್ರೆ ಇಂಥ ಮಗ ಇರಬೇಕಪ್ಪ," ಎಂದ ಪಕ್ಕದ ಬೇಕರಿಯವನು. "ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನ ಎಬ್ಬಿಸಿ, ಕೈಗೆ ಕೋಲು ಕೊಟ್ಟು, ನನ್ನ ಅಂಗಡಿವರೆಗೆ ನಡೆಸಿದ. ನಾನೇ ನೋಡಿದ್ದೀನಿ. ಎರಡು ವರ್ಷ!"

"ಎತ್ತೋದು, ತೊಳೆಯೋದು, ಉಣಿಸೋದು... ಹೆಣ್ಣುಮಕ್ಕಳೂ ಹೀಗೆ ನೋಡ್ಕೊಳ್ಳಲ್ಲ," ಎಂದಳು ಸೋದರತ್ತೆ. "ಹೆತ್ತವರ ಋಣ ತೀರಿಸಿಬಿಟ್ಟೆ ಕಣೋ ನೀನು."

ಅವನು ತಲೆ ತಗ್ಗಿಸಿ ಕಾಲರನ್ನು ಒತ್ತುತ್ತಲೇ ಇದ್ದ. ಜನ ಅದನ್ನು ವಿನಯವೆಂದುಕೊಂಡರು, ಹೊಗಳಿಕೆಯನ್ನು ಇನ್ನೊಂದು ಚಮಚ ಜಾಸ್ತಿ ಮಾಡಿದರು. ಎದ್ದು ಓಡಿಹೋಗೋಣ ಎನ್ನಿಸುತ್ತಿತ್ತು ಅವನಿಗೆ.

*

ಎರಡು ವರ್ಷದ ಹಿಂದೆ, ಶಾಲೆಗಳಿಗೆ ರಜೆ ಇದ್ದಾಗ, ಅಪ್ಪನ ಬಲಗೈಯಿಂದ ಇಸ್ತ್ರಿಪೆಟ್ಟಿಗೆ ಜಾರಿತು. ಹತ್ತು ನಿಮಿಷ ಕೈ ಯಾರದೋ ಎಂಬಂತೆ ನೇತಾಡಿ, ಆಮೇಲೆ ತಾನಾಗಿ ಸರಿಹೋಯಿತು. "ಕೈಗೂ ಒಂದು ಗಳಿಗೆ ನಿದ್ದೆ ಬಂದಿತ್ತು," ಎಂದು ಅಪ್ಪ ನಕ್ಕ.

ಡಾಕ್ಟರು ನಗಲಿಲ್ಲ. "ಇದು ಬಾಗಿಲು ತಟ್ಟಿ ಹೋಗಿದೆ ಅಷ್ಟೆ. ದೊಡ್ಡದು ಹಿಂದೆ ಬರಬಹುದು. ಮಾತ್ರೆ ತಪ್ಪಿಸಬೇಡಿ, ಬಿಪಿ ಏರೋಕೆ ಬಿಡಬೇಡಿ. ಮೊದಲ ಹತ್ತು ಹದಿನೈದು ದಿನ ಇವರನ್ನ ಒಬ್ಬರನ್ನೇ ಬಿಡಬೇಡಿ. ಬಾಯಿ ವಾರೆಯಾಯ್ತು, ಕೈ ಸೋತಿತು, ಮಾತು ತೊದಲಿತು ಅಂದ್ರೆ ಗಡಿಯಾರ ನೋಡ್ಕೊಂಡು ತಕ್ಷಣ ಓಡಿಬನ್ನಿ."

ತಂಗಿಯ ಮನೆ ಎರಡು ಸ್ಟಾಪ್ ಆಚೆ. ಅವಳು ಕೆಲಸಕ್ಕೆ ರಜೆ ಹಾಕುತ್ತೇನೆಂದಾಗ ಅವನೇ ತಡೆದಿದ್ದ. "ವ್ಯಾನಿಗೆ ರಜೆ, ನಾನಿರ್ತೀನಲ್ಲ. ಇಪ್ಪತ್ತನಾಲ್ಕು ಗಂಟೆ ಪಕ್ಕದಿಂದ ಅಲ್ಲಾಡಲ್ಲ."

ಏಳು ದಿನ ಅಲ್ಲಾಡಲಿಲ್ಲ. ಎಂಟನೆಯ ದಿನ ಶುಕ್ರವಾರ. ಸೋಮವಾರ ಶಾಲೆ ಶುರು. ರಜೆಗೆ ಮುಂಚೆ ವ್ಯಾನಿನ ಮಕ್ಕಳು ಅದಕ್ಕೆ 'ತಾತನ ವ್ಯಾನು' ಎಂದು ಹೆಸರಿಟ್ಟಿದ್ದವು. ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಅದಕ್ಕೆ ಕಿಸಕ್ಕನೆ ನಕ್ಕಿದ್ದಳು. ಅವಳ ನಗು ಮದುವೆಯಾಗದೆ ಉಳಿದ ನಲವತ್ತಾರರ ಆ ಗಂಡಸಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು. ತಲೆಗೆ ಬಣ್ಣ ಹಾಕಿಸಿಕೊಳ್ಳಬೇಕಿತ್ತು.

"ಹೋಗಿ ಬಾರೋ," ಎಂದ ಅಪ್ಪ, ಮೇಜಿನ ಮೇಲೆ ಪ್ಯಾಂಟು ಹರಡುತ್ತಾ. "ನಾನೇನು ಹಾಲು ಕುಡಿಯೋ ಮಗುವಾ? ನಿನ್ನ ತಂಗಿಗೆ ಹೇಳಲ್ಲ, ಹೋಗು."

ಆಗ ಹನ್ನೊಂದು ಗಂಟೆ. ಸಲೂನಿನಲ್ಲಿ ಅವನ ಮುಂದೆ ಇಬ್ಬರಿದ್ದರು. ಬಣ್ಣ ಹಚ್ಚಿಸಿಕೊಂಡು, ಒಣಗಿಸಿ, ತೊಳೆಸಿಕೊಂಡು ಬಂದಾಗ ಒಂದೂಕಾಲು. ಅಪ್ಪ ಮೇಜಿನ ಹಿಂದೆ ನೆಲದ ಮೇಲಿದ್ದ. ಕಣ್ಣು ತೆರೆದೇ ಇತ್ತು, ಬಾಯಿ ಒಂದು ಕಡೆಗೆ ಇಳಿದಿತ್ತು. ಬೀಳುವ ಗಳಿಗೆಯಲ್ಲೂ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ನೆಟ್ಟಗೆ ನಿಲ್ಲಿಸಿದ್ದ.

ವ್ಯಾನಿನಲ್ಲೇ ಆಸ್ಪತ್ರೆಗೆ ಒಯ್ದ. ಎರಡು ಗಂಟೆಗೆ ಡಾಕ್ಟರು ಕೇಳಿದರು: "ಕೊನೆಯ ಸಲ ಇವರು ಚೆನ್ನಾಗಿದ್ದದ್ದು ನೋಡಿದ್ದು ಯಾವಾಗ?"

ಅಷ್ಟರಲ್ಲಿ ತಂಗಿ ಫ್ಯಾಕ್ಟರಿಯ ಟೋಪಿಯನ್ನೂ ತೆಗೆಯದೆ ಓಡಿಬಂದಿದ್ದಳು. "ಅಣ್ಣಾ, ನೀನು ಜೊತೆಗೇ ಇದ್ದೆ ತಾನೇ?"

"ಇದ್ದೆ," ಎಂದ. ಒಂದು ಸುಳ್ಳಿಗೆ ಇನ್ನೊಂದರ ಊರುಗೋಲು ಬೇಕಲ್ಲ. "ರಾತ್ರಿ ಹತ್ತಕ್ಕೆ ಚೆನ್ನಾಗೇ ಮಲಗಿದ್ರು ಡಾಕ್ಟ್ರೇ. ಬೆಳಿಗ್ಗೆ ಏಳಲಿಲ್ಲ. ಸುಸ್ತಿರಬೇಕು, ಮಲಗಲಿ ಅಂತ ಬಿಟ್ಟೆ. ಊಟಕ್ಕೆ ಎಬ್ಬಿಸೋಕೆ ಹೋದ್ರೆ ಹೀಗೆ..."

ನಿದ್ದೆಯಲ್ಲಿ ಆದರೆ ಅದು ಯಾರ ತಪ್ಪೂ ಅಲ್ಲ. ಅವನ ಲೆಕ್ಕ ಅಷ್ಟೇ ಇತ್ತು.

"ಅಂದ್ರೆ ಹದಿನಾರು ಗಂಟೆ," ಎಂದು ಡಾಕ್ಟರು ಪೆನ್ನು ಕೆಳಗಿಟ್ಟರು. "ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ. ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಹೊತ್ತು ಮೀರಿ ಕೊಟ್ರೆ ತಲೆಯೊಳಗೆ ರಕ್ತಸ್ರಾವ ಆಗಬಹುದು. ನಿದ್ದೇಲಿ ಆದವರಿಗೂ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಬೇರೆ ಥರ ಸ್ಕ್ಯಾನ್ ಮಾಡಿ, ಎಷ್ಟು ಹೊತ್ತಾಗಿದೆ ಅಂತ ಮಿದುಳನ್ನೇ ನೋಡಿ ತಿಳ್ಕೊಂಡು ಕೊಡ್ತಾರೆ. ನಮ್ಮಲ್ಲಿ ಆ ಮೆಷಿನ್ ಇಲ್ಲ. ತಂತಿ ಹಾಕಿ ಹೆಪ್ಪು ಎಳೆಯೋಣ ಅಂದ್ರೆ ಮುಚ್ಚಿರೋದು ಸಣ್ಣ ನಾಳ, ತಂತಿ ಹೋಗಲ್ಲ. ನೀವು ಹೇಳೋ ಹೊತ್ತೇ ನಮಗೆ ದಾರಿ. ಖಾತ್ರಿನಾ? ರಾತ್ರಿ ಹತ್ತರ ಮೇಲೆ ಯಾರೂ ನೋಡಿಲ್ವಾ?"

ಆಗ ಅವನಿಗೆ ಅರ್ಥವಾಯಿತು. 'ಹನ್ನೊಂದು ಗಂಟೆ' ಎಂದಿದ್ದರೆ ಸಾಕಿತ್ತು, ಎರಡೇ ಪದ. ತಂಗಿ ಅವನ ಮುಖವನ್ನೇ ನೋಡುತ್ತಿದ್ದಳು. ಸ್ಟ್ರೆಚರಿನಿಂದ ಅಪ್ಪನೂ ನೋಡುತ್ತಿದ್ದ.

"ಇಲ್ಲ," ಎಂದ.

*

ಅಂಗಿ ತೊಡಿಸಿ, ಅಪ್ಪನನ್ನು ಅಂಗಡಿಗೆ ತಂದು ಮಲಗಿಸಿ ಆದ ಮೇಲೆ ಗಂಜಿ ಮೇಷ್ಟ್ರು ಬಂದರು. ಅಂಗಿಗೆ ಎಷ್ಟು ಗಂಜಿ ಹಾಕಿದರೂ ಸಾಲದು ಎನ್ನುವ ನಿವೃತ್ತ ಮೇಷ್ಟ್ರಿಗೆ ಆ ಹೆಸರಿಟ್ಟವನು ಅಪ್ಪನೇ. ಎರಡು ವರ್ಷದಿಂದ ಅವರು ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದರು.

"ಆ ಊರಲ್ಲಿ ಒಬ್ಬನಿಗೂ ಗಂಜಿ ಹಾಕೋಕೆ ಬರಲ್ಲ ಕಣಮ್ಮ," ಎಂದು ತಂಗಿಯ ಪಕ್ಕ ಕೂತು ಕಣ್ಣೊರೆಸಿಕೊಂಡರು. "ನಾನು ಊರು ಬಿಟ್ಟ ದಿನವೇ ಇವನಿಗೆ ಹೀಗಾಯ್ತಲ್ಲ. ಹನ್ನೆರಡೂವರೆ ಬಸ್ಸು. ಅದಕ್ಕೆ ಮುಂಚೆ ಬಂದು ನಾಲ್ಕು ಅಂಗಿ ತಗೊಂಡೆ. 'ಮೇಷ್ಟ್ರೇ, ಈ ಅಂಗೀನ ಕ್ಲಾಸಲ್ಲಿ ನಿಲ್ಲಿಸಿದ್ರೆ ಅದೇ ಪಾಠ ಮಾಡುತ್ತೆ, ನೀವು ರಿಟೈರ್ ಆದ್ರೇನು' ಅಂದ. ನಗಿಸಿ ಕಳಿಸಿದ ಪುಣ್ಯಾತ್ಮ."

ಅಂಗಡಿಯಲ್ಲಿ ನಗು ಎದ್ದಿತು. ತಂಗಿ ನಗಲಿಲ್ಲ. "ಯಾವತ್ತು ಮೇಷ್ಟ್ರೇ?"

"ಅದೇ ಶುಕ್ರವಾರ ಕಣಮ್ಮ. ಮಗಳ ಊರು ಮುಟ್ಟೋ ಹೊತ್ತಿಗೆ ಫೋನ್ ಬಂತು. ನನಗೆ ನಂಬೋಕೇ ಆಗಲಿಲ್ಲ, ಹನ್ನೆರಡು ಗಂಟೇಲಿ ಕಲ್ಲುಗುಂಡಿನ ಹಾಗಿದ್ದ."

"ಅಣ್ಣ ಇರಲಿಲ್ವಾ?"

"ಒಬ್ಬನೇ ಇದ್ದ. ಮಗ ಎಲ್ಲಿ ಅಂದೆ. 'ಯೌವನ ತರೋಕೆ ಹೋಗಿದ್ದಾನೆ' ಅಂದ. ಅದೇನು ಅಂದನೋ, ನನಗೆ ಇವತ್ತಿಗೂ ತಿಳೀಲಿಲ್ಲ."

ತಂಗಿ ಅಣ್ಣನ ತಲೆಯನ್ನು ನೋಡಿದಳು. ತಪ್ಪು ಹೊಲಿಗೆ ಕಂಡಾಗ ಅವಳು ಹೀಗೇ ನೋಡುತ್ತಿದ್ದಳು, ಕಣ್ಣು ಕಿರಿದು ಮಾಡಿ. ಎದ್ದು ಅಡುಗೆಮನೆಗೆ ನಡೆದಳು. ಅವನೂ ಹಿಂದೆಯೇ ಹೋದ, ಕರೆಯಬೇಕಾಗಿರಲಿಲ್ಲ.

"ಅವತ್ತು ನಿನ್ನ ಕಿವಿ ಹಿಂದೆ ಕಪ್ಪು ಬಣ್ಣ ಮೆತ್ತಿತ್ತು," ಎಂದಳು ಮೆಲ್ಲಗೆ. "ನೋಡಿದ್ದೆ. ಅಪ್ಪನ್ನ ನೋಡೋದೋ ನಿನ್ನ ಕಿವಿ ನೋಡೋದೋ ಅಂತ ಬಿಟ್ಟೆ."

ಅವನ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು.

"ಡಾಕ್ಟ್ರು ಎರಡನೇ ಸಲ ಕೇಳಿದ್ರಲ್ಲೋ. ಆಗಲಾದ್ರೂ?"

"ನೀನು ಪಕ್ಕದಲ್ಲೇ ಇದ್ದೆ."

"ನಾನೇನು ಹುಲಿಯಾ, ನಿನ್ನ ತಿಂದುಬಿಡೋಕೆ?" ಎಂದವಳಿಗೆ ಅಳು ಒತ್ತಿ ಬಂತು. ಸಿಂಕಿನ ಅಂಚನ್ನು ಹಿಡಿದುಕೊಂಡು ಅತ್ತಳು. ಆಚೆ ಯಾರಿಗೂ ಕೇಳಬಾರದೆಂದು ನಲ್ಲಿ ಬಿಟ್ಟುಕೊಂಡೇ ಅತ್ತಳು. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

ಕೊನೆಗೆ ನಲ್ಲಿ ನಿಲ್ಲಿಸಿ ಮುಖ ಒರೆಸಿಕೊಂಡಳು. "ಹೋಗ್ಲಿ. ಬಾಯಿಗೆ ಬಂದದ್ದು ನೀನು ಅಂದುಬಿಟ್ಟೆ, ಎರಡು ವರ್ಷ ಅದನ್ನ ತೊಳೀತಾ ಕೂತೆ. ನಾನು ಭಾನುವಾರಕ್ಕೊಂದು ಸಲ ಬಂದು ಹೋಗ್ತಿದ್ದೆ, ನೀನು ದಿನಾ ಮಾಡಿದೆ. ನಿನ್ನನ್ನ ಅನ್ನೋಕೆ ನಾನ್ಯಾರು? ಮುಖ ತೊಳ್ಕೊ, ಬಾ."

ಅವನಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಅವಳು ಕ್ಷಮಿಸಿದ್ದು ಸಣ್ಣದನ್ನು; ದೊಡ್ಡದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಈಗಲೇ ಹೇಳಿಬಿಡು ಎಂದಿತು ಮನಸ್ಸು. ಬಾಯಿ ತೆರೆದ ಕೂಡ. ಅಷ್ಟರಲ್ಲಿ ಸೋದರತ್ತೆ, "ಒಳಗೇನು ಮಾಡ್ತಿದ್ದೀರ? ಜನ ಬರ್ತಿದ್ದಾರೆ!" ಎಂದು ಕೂಗಿದಳು. ಆ ಕೂಗಿಗೆ ಅವನು ಒಳಗೊಳಗೇ ಕೃತಜ್ಞನಾದ. ಅಂಥ ಹೇಡಿ.

*

ಲಕ್ವದ ನಂತರ ಅಪ್ಪನಿಗೆ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಲು ಮಾತ್ರ ಬರುತ್ತಿರಲಿಲ್ಲ. ಮಾತು ಕಲಿಸುವ ಮೇಡಂ ಒಂದು ಪೊಟ್ಟಣ ಕೊಟ್ಟಿದ್ದರು. ಅರವತ್ತು ಚಿತ್ರದ ಕಾರ್ಡುಗಳು. ದಿನಾ ಒಂದು ಗಂಟೆ ತೋರಿಸಿ ಹೇಳಿಸಬೇಕು. "ನಿಧಾನವಾಗಿ ಬರುತ್ತೆ," ಎಂದಿದ್ದರು, "ಮೊದಲು ಸಣ್ಣ ಪದ, ಆಮೇಲೆ ಮನಸ್ಸಲ್ಲಿರೋದು."

ಮನಸ್ಸಲ್ಲಿರೋದು. ಅದನ್ನು ಕೇಳಿದ ದಿನವೇ ಅವನು ಪೊಟ್ಟಣವನ್ನು ಬೀರುವಿನ ಮೇಲಿಟ್ಟ.

ಕೈಗೆ ವ್ಯಾಯಾಮ ಮಾಡಿಸಿದ, ಕಾಲಿಗೆ ಮಾಡಿಸಿದ. ಬೆವರು ಹರಿಯುವವರೆಗೆ ಮಾಡಿಸಿದ. ಬಾಯಿಯ ತಂಟೆಗೆ ಹೋಗಲಿಲ್ಲ. ಅಪ್ಪ ಎಷ್ಟೋ ಸಂಜೆ ಅವನ ತೋಳನ್ನು ಎಡಗೈಯಲ್ಲಿ ಹಿಡಿದು, ಕತ್ತಿನ ನರ ಉಬ್ಬಿಸಿ, "ಅ... ಅ..." ಎಂದು ಏನೋ ಎಳೆಯುತ್ತಿದ್ದ. ಅವನು ಪ್ರೀತಿಯಿಂದಲೇ, "ಆಯಾಸ ಮಾಡ್ಕೋಬೇಡಪ್ಪ," ಎಂದು ಹೊದಿಕೆ ಎಳೆದು ರೇಡಿಯೊ ಹಾಕುತ್ತಿದ್ದ. ಮೇಡಂ ಕೇಳಿದಾಗ, "ದಿನಾ ಮಾಡ್ತಿದ್ದೀವಿ, ಯಾಕೋ ಬರ್ತಿಲ್ಲ," ಎನ್ನುತ್ತಿದ್ದ. ತಂಗಿ ಕೇಳಿದಾಗಲೂ ಅದನ್ನೇ.

*

ಗಾಡಿ ಬರಲು ಇನ್ನು ಕಾಲು ಗಂಟೆ ಇದೆ ಎನ್ನುವಾಗ ಬಂದವರು ಆ ಮೇಡಮ್ಮೇ. ಅಪ್ಪನ ಕಾಲ ಬಳಿ ಸ್ವಲ್ಪ ಹೊತ್ತು ನಿಂತರು.

"ಕಾಲು ಇಷ್ಟು ಚೆನ್ನಾಗಿ ಬಂತು," ಎಂದರು ತಂಗಿಗೆ. "ಮೊದಲೆಲ್ಲ ಆರು ತಿಂಗಳಾದ ಮೇಲೆ ಏನೂ ಬರಲ್ಲ ಅಂತಿದ್ವಿ. ಈಗ ಹಾಗನ್ನಲ್ಲ. ದಿನಾ ಬಿಡದೆ ಮಾಡಿಸಿದ್ರೆ ವರ್ಷದ ಮೇಲೂ ಮಾತು ಬರುತ್ತೆ, ಎಷ್ಟೋ ಜನರಲ್ಲಿ ನೋಡಿದ್ದೀನಿ. ಇವರಿಗೆ ಒಂದು ಪದಾನೂ ಬರಲಿಲ್ವಲ್ಲ, ಅದೇ ನನಗೆ ಬಗೆಹರಿದಿಲ್ಲ."

"ಹಣೆಬರಹ ಮೇಡಂ," ಎಂದಳು ತಂಗಿ. ಅಣ್ಣನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದಳು: "ನಮ್ಮಣ್ಣ ಒಂದು ದಿನ ತಪ್ಪಿಸಿಲ್ಲ." ಅಡುಗೆಮನೆಯಲ್ಲಿ ಅಂದ ಮಾತಿಗೆ ಅದು ಅವಳ ಮುಲಾಮು. "ನಿಮ್ಮ ಕಾರ್ಡು ಇಲ್ಲೇ ಇದೆ, ಇನ್ಯಾರಿಗಾದ್ರೂ ಆಗುತ್ತೆ. ತಗೊಂಡೇ ಹೋಗಿ."

"ಅಯ್ಯೋ, ಇವತ್ತು ಬೇಡಮ್ಮ."

"ಆಮೇಲೆ ಮರೆತುಬಿಡ್ತೀವಿ. ಅಣ್ಣಾ, ಎಲ್ಲಿಟ್ಟಿದ್ದೀಯ?"

"ನಾನು ಆಮೇಲೆ ಕೊಡ್ತೀನಿ," ಎಂದ. ಕುರ್ಚಿಯಿಂದ ಅರ್ಧ ಎದ್ದಿದ್ದ.

"ನೀನು ಕೂತ್ಕೊ, ನಾನೇ ತರ್ತೀನಿ."

ಅವಳು ಒಳಗೆ ಹೋದಳು. ಸ್ಟೂಲು ಎಳೆದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. ಬೇಕರಿಯವನು ಇಂಥ ಮಗ ಸಿಗಲು ಪುಣ್ಯ ಮಾಡಿರಬೇಕು ಎಂದು ಯಾರಿಗೋ ಹೇಳುತ್ತಿದ್ದ.

ತಂಗಿ ಬಂದಳು. ಪೊಟ್ಟಣದ ಮೇಲಿನ ಧೂಳಿನಲ್ಲಿ ಅವಳ ಬೆರಳುಗಳ ಗುರುತು ಮೂಡಿತ್ತು. ಮೇಡಂ ಕೊಟ್ಟಾಗಿನ ಪ್ಲಾಸ್ಟಿಕ್ ಹಾಳೆ ಸುತ್ತ ಬಿಗಿಯಾಗಿ ಹಾಗೆಯೇ ಇತ್ತು. ಮೇಡಂ ಅದನ್ನು ನೋಡಿ, ಅವನನ್ನು ನೋಡಿ, ಕಣ್ಣು ಕೆಳಗೆ ಮಾಡಿದರು.

ತಂಗಿ ಅವರಿಗೆ ಪೊಟ್ಟಣ ಕೊಡಲಿಲ್ಲ. ಅಪ್ಪನ ತಲೆಯ ಬಳಿ, ಅಣ್ಣನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಉಗುರಿನಿಂದ ಪ್ಲಾಸ್ಟಿಕ್ ಕೆರೆದು ಹರಿದಳು. ಆ ಸದ್ದಿಗೆ ಅಂಗಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಮೇಲಿನ ಕಾರ್ಡು ತೆಗೆದು ಅವನ ಮುಖಕ್ಕೆ ನೇರವಾಗಿ ಹಿಡಿದಳು. ಕೆಂಪು ಹೆಂಚಿನ ಒಂದು ಮನೆ, ಒಂದು ಬಾಗಿಲು, ಎರಡು ಕಿಟಕಿ.

"ಇದೇನು?" ಎಂದಳು.

ಅವನ ತುಟಿ ಅಲುಗಿತು. ಹೊರಗೆ ಗಾಡಿ ಬಂದು ನಿಂತಿತು. ಯಾರೂ ಏಳಲಿಲ್ಲ.

"ಅವಸರ ಇಲ್ಲ," ಎಂದಳು ತಂಗಿ, ಕಾರ್ಡನ್ನು ಇಳಿಸದೆ. "ನಿಧಾನವಾಗಿ ಹೇಳು."