ಸಮುದ್ರದ ಕಡೆ ಬಾಗಿಲು

೧೯೭೩ರ ದೀಪಾವಳಿ ಮುಗಿದು ಎರಡು ವಾರಕ್ಕೆ ಮುಳವಾಡದ ಹುಚ್ಚವ್ವನ ಮನೆಗೆ ಮುಂಬಯಿಯಿಂದ ಮಗನ ಕಾಗದ ಬಂತು. ಮನೆಯಲ್ಲಿ ಓದು ಬರುತ್ತಿದ್ದುದು ಸೊಸೆ ರೇವವ್ವನಿಗೆ ಮಾತ್ರ. ತವರೂರು ದೇವಣಗಾಂವದಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವಳು. ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದಳು:

“ಮುಂಬೈಯೊಳಗ ಮನಿ ಸಿಕ್ಕೇತಿ. ಸ್ವಂತದ್ದು. ಬಾಗಿಲಾ ಸಮುದ್ರದ ಕಡೆ ಐತಿ. ಗಾಳಿ ಚಲೋ ಬರತೈತಿ. ರೇವವ್ವನ್ನ ಕಳಿಸಿಕೊಡು.”

“ಹನ್ನೊಂದು ಮಂದಿ ಕೂಡ ಒಂದ ಖೋಲಿಯೊಳಗ ಮಲಗಾಂವ, ಸ್ವಂತ ಮನಿ ಎಲ್ಲಿಂದ ತಂದಾ?” ಎಂದಳು ಹುಚ್ಚವ್ವ. ಆದರೂ ಅವಳ ಮುಖ ಅರಳಿತ್ತು. ಮಗನ ಮದುವೆಯಾಗಿ ಮೂರು ವರ್ಷ. ಸೋಮನಿಂಗ ಬಂದರಿನಲ್ಲಿ ಹಡಗಿನ ಮಾಲು ಇಳಿಸುವ ಕೆಲಸಕ್ಕಿದ್ದ. ಆ ಮೂರು ವರ್ಷದಲ್ಲಿ ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಎರಡು ತಿಂಗಳೂ ಆಗಿರಲಿಲ್ಲ. ಹುಚ್ಚವ್ವ ಒಂದು ವಾರ ಕೂತು ಕಡಕ್ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು, ಸೊಸೆಯನ್ನು ರೈಲು ಹತ್ತಿಸಿದಳು.

ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ರೇವವ್ವ ಮುಂಬಯಿಗೆ ಇಳಿದಾಗ ಬೆಳಗಿನ ಹತ್ತು ಗಂಟೆ. ಸೋಮನಿಂಗ ಅವಳ ಟ್ರಂಕನ್ನು ಹೆಗಲಿಗೇರಿಸಿಕೊಂಡ. ಬಸ್ಸಿಳಿದು ಕಟ್ಟಿಗೆ ಅಡ್ಡೆಗಳನ್ನೂ ಗುಜರಿ ಕಬ್ಬಿಣದ ರಾಶಿಗಳನ್ನೂ ದಾಟಿದರು. ಮುಂದೆ ಹೋದಂತೆಲ್ಲ ಅವನ ನಡಿಗೆ ನಿಧಾನವಾಯಿತು. ಕೊನೆಗೆ ಸರಕು ಇಳಿಸುವ ಒಂದು ಹಳೆಯ ಕಲ್ಲಿನ ಧಕ್ಕೆಯ ತುದಿಗೆ ಬಂದು, ಟ್ರಂಕು ಇಳಿಸಿ ನಿಂತೇಬಿಟ್ಟ.

“ಮನಿ ಎಲ್ಲೈತ್ರಿ?”

ಸೋಮನಿಂಗ ಕೆಳಗೆ ಕೈ ತೋರಿಸಿದ. ನೀರು ಇಳಿದಿತ್ತು. ಕರಿ ಕೆಸರಿನಲ್ಲಿ ಹಳೆಯದೊಂದು ಸರಕಿನ ದೋಣಿ ಪಕ್ಕಕ್ಕೆ ವಾಲಿ ಕೂತಿತ್ತು. ಅದರ ಹಿಂಭಾಗದಲ್ಲಿ ಹಲಗೆಯ ಸಣ್ಣ ಗೂಡು, ಗೂಡಿಗೊಂದು ಬಾಗಿಲು. ಬಾಗಿಲು ಸಮುದ್ರದ ಕಡೆಗೇ ಇತ್ತು.

ರೇವವ್ವ ಟ್ರಂಕಿನ ಮೇಲೆ ಕುಳಿತಳು.

“ಇದು ದೋಣಿ.”

“ಹೌದು.”

“ಮನಿ ಅಂತ ಬರದಿದ್ರಿ.”

“ದೋಣಿ ಅಂದಿದ್ರ ಯವ್ವ ಕಳಸ್ತಿದ್ದಿಲ್ಲ. ನೀನೂ ಅಂಜಿ ಬರ್ತಿದ್ದಿಲ್ಲ,” ಎಂದ ಸೋಮನಿಂಗ, ಅವಳ ಮುಖ ನೋಡದೆ.

“ನಾ ಯಾರ ಮಗಳು ಅನ್ನೂದ ಮರತ್ರೇನು? ನಮ್ಮಪ್ಪ ಮೂವತ್ತ ವರ್ಷ ದೋಣ್ಯಾಗ ಮಂದೀನ್ನ ಭೀಮಾ ಹೊಳಿ ದಾಟಿಸ್ಯಾನ. ನಾ ನಡಿಯೂದಕ್ಕಿಂತ ಮೊದಲ ಈಜ ಕಲತಾಕಿ. ನೀರಿನ ಮ್ಯಾಲ ಇರೂದು ನನಗ ಹೊಸಾದಲ್ರಿ. ನೀವು ನನಗ ಸುಳ್ಳ ಬರದದ್ದ ಹೊಸಾದು.”

ಸೋಮನಿಂಗ ಮುಳವಾಡದವನು. ಮುಂಬಯಿಗೆ ಬರುವ ಮುಂಚೆ ಅವನು ಕಂಡ ಹೆಚ್ಚಿನ ನೀರೆಂದರೆ ಊರ ಬಾವಿಯದು, ಅದೂ ಬೇಸಿಗೆಯಲ್ಲಿ ತಳ ಕಾಣುತ್ತಿತ್ತು. ಈಜು ಬರುತ್ತಿರಲಿಲ್ಲ. ಹೆಂಡತಿಯ ಜೊತೆಗಿರಬೇಕೆಂಬ ಒಂದೇ ಆಸೆಗೆ, ಉಳಿಸಿದ್ದನ್ನೆಲ್ಲ ಕೊಟ್ಟು ಈ ದೋಣಿ ಕೊಂಡಿದ್ದ. “ತಪ್ಪಾತು. ಇನ್ನ ಮುಂದ ಇದ್ದದ್ದು ಇದ್ದಂಗ ಬರೀತೇನಿ,” ಎಂದ.

“ಇನ್ನ ಮುಂದ ಯಾರಿಗಿ ಬರೀತೀರಿ? ನಾ ಇಲ್ಲೇ ಇರ್ತೇನಲ್ಲ,” ಎಂದು ರೇವವ್ವ ಎದ್ದು ಸೀರೆ ಎತ್ತಿಕಟ್ಟಿದಳು. ಧಕ್ಕೆಯಿಂದ ದೋಣಿಗೆ ಹಾಕಿದ್ದ ಇಳಿಜಾರು ಹಲಗೆಯ ಮೇಲೆ ಆಸರೆಗೆ ಕೈ ಚಾಚದೆ ನಡೆದು ದೋಣಿಗೆ ಹೋದಳು.

ಒಳಗೆ ಹೋದವಳು ಮೊದಲು ಒಲೆ ಎಲ್ಲಿದೆ ಎಂದು ಕೇಳಲಿಲ್ಲ. ಬಗ್ಗಿ, ಅಪ್ಪ ಮಾಡುತ್ತಿದ್ದಂತೆ, ಹಲಗೆಗಳನ್ನು ಒಂದೊಂದಾಗಿ ಬೆರಳಿನ ಗೆಣ್ಣಿನಿಂದ ಬಡಿಯುತ್ತ ಹೋದಳು. ಒಂದು ಕಡೆ ಸದ್ದು ಬೇರೆಯಾಯಿತು. “ಇಲ್ಲಿ ಬೆರಳ ಇಡ್ರಿ,” ಎಂದಳು. ಸೋಮನಿಂಗ ಒತ್ತಿದ. ಬೆರಳು ಒದ್ದೆ ಬೆಲ್ಲಕ್ಕೆ ಇಳಿದಂತೆ ಕಟ್ಟಿಗೆಯೊಳಗೆ ಇಳಿಯಿತು.

ದೋಣಿ ಮಾರಿದ ಅಬ್ದುಲಗನಿ ಅದೇ ಧಕ್ಕೆಯ ಮೇಲಿನ ಗುಡಿಸಲಿನಲ್ಲಿದ್ದ. ಕೊಂಕಣದ ಮುದುಕ. ಕಟ್ಟಿಗೆ ವ್ಯಾಪಾರಿಗಳು ಹೆಚ್ಚಿಗೆ ಕೊಡುತ್ತೇವೆಂದರೂ ಒಡೆದುಹಾಕುವವರಿಗೆ ಕೊಡದೆ ಸೋಮನಿಂಗನಿಗೆ ಕೊಟ್ಟಿದ್ದ. ಅವನ ಷರತ್ತು ಒಂದೇ. ದೋಣಿಯ ಮೂತಿಯ ಮೇಲೆ ಬರೆದ ಹೆಸರನ್ನು ಅಳಿಸಬಾರದು. ಆ ಹೆಸರು ನಜಮಾ, ತೀರಿಹೋದ ಅವನ ಹೆಂಡತಿಯದು. ಈಗ ಬಂದು ಹಲಗೆ ಮುಟ್ಟಿ ನೋಡಿ ತಲೆ ತಗ್ಗಿಸಿದ. ಕಣ್ಣು ಮಂಜಾಗಿತ್ತು, ಗೊತ್ತೇ ಆಗಿರಲಿಲ್ಲ ಎಂದ. ಮರುದಿನವೇ ಉಳಿ, ಕೊಡತಿ ತಂದು ಕುಳಿತ. ಎಂಟು ದಿನ ಅವನು ಹಲಗೆ ಬದಲಿಸಿ ಸಂದುಗಳಿಗೆ ಹತ್ತಿ ತುಂಬಿದ, ರೇವವ್ವ ರಾಳ ಕಾಸಿ ಕೊಟ್ಟಳು. ಊರಿನ ಮುಸಲ್ಮಾನರ ಮನೆಗಳಲ್ಲಿ ಕೇಳಿದ ಮಾತಿನಿಂದ ಅವನ ಹಿಂದಿ ಅವಳಿಗೆ ತಿಳಿಯುತ್ತಿತ್ತು. ಅವಳ ಕಡಕ್ ರೊಟ್ಟಿಯನ್ನು ಅವನು ಚಹಾದಲ್ಲಿ ಅದ್ದಿ ತಿಂದ. ಕೆಲಸ ಮುಗಿದ ದಿನ ಅವಳು ಮೂತಿಗೆ, ನಜಮಾ ಎಂಬ ಹೆಸರಿನ ಪಕ್ಕಕ್ಕೆ, ಅರಿಶಿಣ ಕುಂಕುಮ ಹಚ್ಚಿದಳು. ಮುದುಕ ನೋಡಿ ಸುಮ್ಮನೆ ಕಣ್ಣೊರಸಿಕೊಂಡ.

ಹಾಗೆ ಸಂಸಾರ ಶುರುವಾಯಿತು. ದಿನಕ್ಕೆ ಎರಡು ಸಲ ನೀರೇರಿ ಮನೆ ಮೇಲೇಳುತ್ತಿತ್ತು, ಎರಡು ಸಲ ಕೆಸರಿಗೆ ಕೂರುತ್ತಿತ್ತು. ಕೂತಾಗ ವಾಲುವುದರಿಂದ ಸಾರಿನ ಪಾತ್ರೆಗೆ ಒಂದು ಬದಿ ಇಟ್ಟಿಗೆಯ ಚೂರು ಇಡಬೇಕು. ಕುಡಿಯುವ ನೀರನ್ನು ಧಕ್ಕೆಯ ನಳದಿಂದ ಬೆಳಗಾಗುವ ಮೊದಲೇ ತರಬೇಕು. ರೇವವ್ವ ಗೂಡಿನ ಮೇಲೆ ಡಬ್ಬಿಗಳಲ್ಲಿ ಕೊತ್ತಂಬರಿ, ಮೆಂತ್ಯ ಬೆಳೆದಳು. ಸೋಮನಿಂಗ ಸಂಜೆ ಕೆಲಸದಿಂದ ಬಂದವನು ಧಕ್ಕೆಯ ಮೇಲಿಂದಲೇ, “ಏನ ಮಾಡೀ ಇವತ್ತ?” ಎಂದು ಕೂಗುತ್ತಿದ್ದ. ಅವಳು ಮೊದಲು ಪಲ್ಯದ ಹೆಸರು ಹೇಳಬೇಕು, ಆಮೇಲೆ ಅವನು ಇಳಿಯಬೇಕು. ಹಲಗೆ ದಾಟುವಾಗ ಅವನು ಇನ್ನೂ ಅಂಜುತ್ತಿದ್ದ. ಅವಳು ಕೈ ಹಿಡಿದು ಇಳಿಸಿಕೊಳ್ಳುತ್ತಿದ್ದಳು. ಅದರಲ್ಲಿ ಇಬ್ಬರಿಗೂ ನಾಚಿಕೆಯಿರಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ, ಮೇ ತಿಂಗಳಲ್ಲಿ, ಮಗ ಸೊಸೆಯನ್ನು ನೋಡಲು ಹುಚ್ಚವ್ವ ಬಂದಳು. ಈ ಸಲ ಕಾಗದದಲ್ಲಿ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದಿದ್ದರು. ಆದರೂ ಧಕ್ಕೆಯ ತುದಿಯಲ್ಲಿ ನಿಂತು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಳಿದ ಮೇಲೆ ಎರಡು ದಿನ ವಾಂತಿ ಮಾಡಿದಳು. ಮೂರನೆಯ ದಿನ ಎದ್ದು ಕೂತು, ಅಂಗೈಯಲ್ಲಿ ಸಮುದ್ರದ ನೀರು ಮೊಗೆದು ನಾಲಗೆಗೆ ಮುಟ್ಟಿಸಿ ಉಗಿದಳು. “ಇಷ್ಟ ನೀರ ಐತಿ, ಒಂದ ಗುಟುಕ ಕುಡಿಯಾಕ ಬರಂಗಿಲ್ಲ. ನಮ್ಮೂರಿಗಿ ಬಂದಿದ್ರ ನಿನ್ನ ಮರ್ಯಾದಿಲೆ ಇಟಗೋತಿದ್ವಿ,” ಎಂದು ಸಮುದ್ರವನ್ನೇ ಬೈದಳು.

ಅವಳು ಊರಿಗೆ ಹೊರಡಲು ನಾಲ್ಕು ದಿನವಿತ್ತು. ಆ ಮಧ್ಯಾಹ್ನ ಸೋಮನಿಂಗ ಕೆಲಸದಲ್ಲಿದ್ದ. ಪಶ್ಚಿಮದಲ್ಲಿ ಮುಗಿಲು ಕಪ್ಪಾಗಿ ಒಮ್ಮೆಲೇ ಗಾಳಿ ಎದ್ದಿತು. ನೀರು ಪೂರ್ತಿ ಏರಿತ್ತು. ದೋಣಿ ಕಟ್ಟಿದ್ದ ಹಳೆಯ ಮರದ ಗೂಟ ಬುಡಸಮೇತ ಕಿತ್ತು ಬಂತು. ರೇವವ್ವ ಹೊರಗೆ ಬಂದು ನೋಡಿದರೆ ಧಕ್ಕೆ ಹತ್ತು ಮಾರು ದೂರ ಸರಿದಿತ್ತು. ಗಾಳಿ ಅವರನ್ನು ಹಡಗುಗಳು ಓಡಾಡುವ ಆಳದ ಕಡೆಗೆ ಒಯ್ಯುತ್ತಿತ್ತು.

ಅವಳು ಲಂಗರು ಎಸೆದಳು. ಮೆತ್ತನೆ ಕೆಸರಿನಲ್ಲಿ ಅದು ಕಚ್ಚದೆ ಎಳೆದಾಡಿತು. ಆದರೆ ದೋಣಿಯ ಓಟ ಕಡಿಮೆಯಾಯಿತು. ಉದ್ದನೆಯ ಗಳ ಎತ್ತಿಕೊಂಡು ಕೂಗಿದಳು: “ಅತ್ತೀ, ಹಿಂದಿನ ಆ ಚುಕ್ಕಾಣಿ ಹಿಡೀರಿ!”

“ಯವ್ವಾ, ನನಗ ಅದೆಲ್ಲಾ ತಿಳಿಯಂಗಿಲ್ಲ!”

“ಕೂರಿಗಿ ಹಿಡಿದಂಗ ಹಿಡೀರಿ! ಆ ಕಟ್ಟಿಗಿ ರಾಶಿ ಕಾಣತೈತೆಲ್ಲ, ಅದರ ಕಡೆ ಸಾಲ ಹಿಡೀರಿ! ನಾ ಹೇಳೂತನಕ ಬಿಡಬ್ಯಾಡ್ರಿ!”

ಗಂಡ ಸತ್ತ ಮೇಲೆ ಹದಿನೈದು ಬಿತ್ತನೆಯಲ್ಲಿ ತಾನೇ ಕೂರಿಗೆ ಹಿಡಿದವಳು ಹುಚ್ಚವ್ವ. ಕಾಲು ಅಗಲಿಸಿ ನಿಂತಳು. ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು, ಕಣ್ಣನ್ನು ಕಟ್ಟಿಗೆಯ ರಾಶಿಯ ಮೇಲೆ ನೆಟ್ಟಳು. ರೇವವ್ವ ಗಳವನ್ನು ತಳಕ್ಕೂರಿ ಎದೆಯಿಂದ ತಳ್ಳಿದಳು, ಎತ್ತಿ ಮತ್ತೆ ಊರಿದಳು. ಮಳೆ ಹೊಡೆಯತೊಡಗಿತು. ಅರ್ಧ ಗಂಟೆ ಹೀಗೇ ನಡೆಯಿತು. ಮುಂದಿನ ಧಕ್ಕೆಯ ಬಳಿ ತೇಲುತ್ತಿದ್ದ ದಿಮ್ಮಿಗಳಿಗೆ ದೋಣಿ ದಡ್ಡೆಂದು ತಾಗಿ ನಿಂತಿತು. ಅಲ್ಲಿದ್ದ ಕೂಲಿಗಳು ಹಗ್ಗ ಎಸೆದರು.

ಸುದ್ದಿ ಕೇಳಿ ಓಡಿಬಂದ ಸೋಮನಿಂಗ ದೋಣಿ ಕಂಡದ್ದೇ ಧಕ್ಕೆಯಿಂದ ಜಿಗಿದುಬಿಟ್ಟ. ಎದೆಮಟ್ಟದ ನೀರು, ಕೆಳಗೆ ಕೆಸರು. ನಡುವೆಯೇ ಸಿಕ್ಕಿಕೊಂಡು ಕೈ ಆಡಿಸತೊಡಗಿದ. ರೇವವ್ವ ಗಳ ಚಾಚಿ ಅವನನ್ನು ಎಳೆದುಕೊಂಡಳು.

“ಈಜ ಬರಂಗಿಲ್ಲ, ನೀ ಯಾಕ ಜಿಗದ್ಯೋ?” ಎಂದು ಹುಚ್ಚವ್ವ ಬೈದಳು. ಅವಳ ಕೈ ಇನ್ನೂ ಚುಕ್ಕಾಣಿಯ ಮೇಲೇ ಇತ್ತು.

“ನೀವಿಬ್ರೂ ಇದರಾಗ ಇದ್ರೆಲ್ಲ ಯವ್ವಾ,” ಎಂದ ಸೋಮನಿಂಗ.

ರೇವವ್ವ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, “ಅತ್ತೀ, ಈಗ ಬಿಡ್ರಿ,” ಎಂದಳು. ಅಷ್ಟರಲ್ಲಿ ಮೂವರಿಗೂ ನಗು ಬಂತು, ಮೂವರೂ ಅತ್ತರು.

ಮರುದಿನ ಸೋಮನಿಂಗ ದಂಡೆಯ ಮೇಲೆ ಖೋಲಿ ಹುಡುಕುತ್ತೇನೆ ಎಂದ. ರೇವವ್ವ ಕೇಳಲಿಲ್ಲ. ಮೊದಲು ಕಬ್ಬಿಣದ ಗೂಟ ಹಾಕಿಸಿರಿ, ಆಮೇಲೆ ಈಜು ಕಲಿಯಿರಿ ಎಂದಳು. ಎರಡನ್ನೂ ಮಾಡಿಸಿದಳು. ಮಳೆಗಾಲ ಮುಗಿಯುವುದರೊಳಗೆ ಅವನು ಧಕ್ಕೆಯಿಂದ ದೋಣಿಯವರೆಗೆ, ನಾಯಿಯಂತೆ ಕೈಕಾಲು ಬಡಿದಾದರೂ, ಈಜಿದ. ಅಬ್ದುಲಗನಿ ಧಕ್ಕೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದ.

ಅವರು ನಜಮಾ ದೋಣಿಯ ಮೇಲೆ ೧೯೭೯ರವರೆಗೆ ಇದ್ದರು. ಮಗಳು ಹುಟ್ಟಿ ಅಂಬೆಗಾಲಿಟ್ಟದ್ದೂ ಅಲ್ಲೇ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು. ಹುಚ್ಚವ್ವ ಮಾತ್ರ ಆ ಗಾಳಿ ಎದ್ದ ವರ್ಷವೇ, ಜೂನಿನಲ್ಲಿ, ಬಿತ್ತನೆಗೆ ಊರಿಗೆ ಮರಳಿದ್ದಳು. ರೈಲಿನಲ್ಲಿ ಪಕ್ಕದಲ್ಲಿ ಕೂತ ಬಸವನ ಬಾಗೇವಾಡಿಯ ಹೆಂಗಸು, “ಮಗಾ ಎಲ್ಲಿರ್ತಾನ್ರಿ?” ಎಂದು ಕೇಳಿದ್ದಕ್ಕೆ ಅವಳು ಸೆರಗು ಸರಿಪಡಿಸಿಕೊಂಡು, “ಸ್ವಂತ ದೋಣ್ಯಾಗ್ರಿ. ನಾನೂ ಒಂದೀಟ ನಡಿಸೇನಿ,” ಎಂದಳು.