ಬಾನೆಟ್ ಒಣಗುವ ಮೊದಲು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ಕಾರು ತೊಳೆದ ಸಂಗತಿಯನ್ನು ಕಥೆ ಎಂದು ನಿಮ್ಮ ಮುಂದಿಡಲು ಹೊರಟಿದ್ದೇನೆ. ನನಗೆ ಕಾರಿಲ್ಲ. ಕಥೆ ಬರೆಯುವುದನ್ನೂ ಸಂಜೆಯ ತರಗತಿಯಲ್ಲಿ ಕಲಿತವನು. (ಅಲ್ಲಿ ಕಲಿಸಿದ ಮೊದಲ ಪಾಠ: ಕ್ಷಮೆ ಕೇಳುತ್ತಾ ಕಥೆ ಶುರು ಮಾಡಬೇಡಿ.)

ಹಾಗಾದರೆ ಹೇಗೆ ಶುರು ಮಾಡಲಿ?

೧

ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮೇಲ್ವಿಚಾರಕಿಯಾಗಿದ್ದ ಸೊಸೆ, ಮಾವನ ಕೆಂಪು ಕಾರಿನ ಬಾನೆಟ್ ಮೇಲೆ ಬಾತ್‌ರೂಮ್ ಟೈಲ್ಸ್ ತೊಳೆಯುವ ಕ್ಲೀನರ್ ಸುರಿದಳು.

(ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಇನ್ನು ನೀವು ಯಾಕೆ ಕೂತು ಓದುತ್ತೀರಿ?)

ಮತ್ತೆ ೧

ಆಕಾಶ ಕೆಂಪಾಗಿತ್ತು. ಕಾರೂ ಕೆಂಪಾಗಿತ್ತು.

(ಹೊಡೆದುಹಾಕಿದ್ದೇನೆ. ದಯವಿಟ್ಟು ಓದಲಿಲ್ಲ ಅಂದುಕೊಳ್ಳಿ.)

೨

ಸರಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮಾವನ ಕಣ್ಣಿಗೆ ಪೊರೆ ಬಂದಿತ್ತು. ಕಾರು ಓಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ತೊಳೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಬಕೆಟ್ ತಂದಿಟ್ಟುಕೊಂಡು, ಕೈಯಿಂದಲೇ ತಡವಿ ತಡವಿ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ ತೊಳೆಯುತ್ತಿದ್ದರು. ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಸೊಸೆ ಲೈಸೆನ್ಸ್ ಮಾಡಿಸಿಕೊಂಡು, ಅದನ್ನು ಪರ್ಸಿನಲ್ಲಿಟ್ಟುಕೊಂಡು, ಕತ್ತಲಿರುವಾಗಲೇ ಬಸ್ಸಿಗೆ ಓಡುತ್ತಿದ್ದಳು. ಅವಳ ಶಿಫ್ಟು ಕೋಳಿ ಕೂಗುವ ಮೊದಲೇ ಶುರುವಾಗುತ್ತಿತ್ತು.

ಆಪರೇಷನ್ನಿಗೆ ಹೊರಟ ದಿನ ಮಾವ ಅಂಗಿಯ ಜೇಬಿನಿಂದ ಕೀ ತೆಗೆದರು. ಮಗ ಕೈ ಚಾಚಿದ.

"ನಿಂಗಲ್ಲ. ನೀನು ಗೇಟಿಗೆ ತಿಕ್ಕಿಸ್ಕೊಂಡೇ ಒಳಗೆ ತರ್ತೀಯ," ಎಂದು ಅದನ್ನು ಸೊಸೆಯ ಅಂಗೈಯಲ್ಲಿಟ್ಟರು. "ದಿನಾ ಒಂದ್ಸಲ ಸ್ಟಾರ್ಟ್ ಮಾಡಮ್ಮಾ, ಬ್ಯಾಟರಿ ಕೂತ್ಬಿಡತ್ತೆ. ನಾನು ಬಂದಾಗ ಕಾರು ಹೀಗೇ ಇದ್ರೆ, ಕೀ ನಿನ್ನ ಹತ್ರಾನೇ ಇರ್ಲಿ."

ಆಸ್ಪತ್ರೆಗೆ ಹತ್ತಿರವೆಂದು ಅವರು ಮಗಳ ಮನೆಯಲ್ಲಿ ಉಳಿದರು. ಇತ್ತ ಒಂದು ಹಕ್ಕಿ ಬಾನೆಟ್ ಮೇಲೆ ತನ್ನ ಕೆಲಸ ಮುಗಿಸಿ ಹಾರಿಹೋಯಿತು. ಬಿಸಿಲಿಗೆ ಆ ಹಿಕ್ಕೆ ಒಣಗಿ ಗಾರೆಯಂತಾಯಿತು.

೩

"ಒಂದ್ನಿಮಿಷ," ಎನ್ನುತ್ತಾಳೆ ಸೊಸೆ, ಕಥೆಯ ಒಳಗಿನಿಂದ. "ಆ ಬಾಟ್ಲಿ ನನ್ನ ಕೈಗೆ ಕೊಟ್ಟಿದ್ದು ಯಾರು?"

"ನಾನೇ," ಎಂದೆ.

"ಕಾರಿನ ಶಾಂಪೂ ಕೊಡಬಹುದಿತ್ತಲ್ಲ?"

"ಶಾಂಪೂ ಕೊಟ್ಟರೆ ಕಥೆ ಎಲ್ಲಿರತ್ತೆ?"

"ನಿಮ್ಮ ಕಥೆ ಉದ್ಧಾರ ಆಗೋಕೆ ನಾನು ಪೆದ್ದಿ ಆಗ್ಬೇಕಾ? ನಾನು ಹೊಸಬರಿಗೆ ಟ್ರೈನಿಂಗ್ ಕೊಡೋಳು ಸ್ವಾಮಿ. ಯಾವುದೇ ಕ್ಲೀನರ್ ಆಗ್ಲಿ, ಮೊದಲು ಕಾಣದ ಮೂಲೇಲಿ ಒಂದು ಹನಿ ಹಾಕಿ ನೋಡಿ ಅಂತ ದಿನಾ ಬಾಯಿ ನೋಯಿಸ್ಕೋತೀನಿ. ಅದನ್ನ ಬರೀರಿ."

ಬರೆಯುತ್ತೇನೆ. ಅವಳು ನಿಜಕ್ಕೂ ಹನಿ ಹಾಕಿ ನೋಡಿದ್ದಳು. ಹಿಂದಿನ ಬಂಪರಿನ ಕೆಳಗೆ, ಯಾರಿಗೂ ಕಾಣದ ಕಡೆ. ಏನೂ ಆಗಲಿಲ್ಲ. ಅದು ಬಣ್ಣ ಹಚ್ಚದ ಕಪ್ಪು ಪ್ಲಾಸ್ಟಿಕ್, ಅದಕ್ಕೆ ಏನಾಗಬೇಕು? ಬಾತ್‌ರೂಮಿನಲ್ಲಿ ಮೂಲೆಯ ಟೈಲ್ಸೂ ಒಂದೇ, ನಡುವಿನ ಟೈಲ್ಸೂ ಒಂದೇ. ಕಾರಿನಲ್ಲಿ ಹಾಗಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಕಾದ ಬಾನೆಟ್ ಮೇಲೆ ಕ್ಲೀನರ್ ಸುರಿದು, ಟೈಲ್ಸಿಗೆ ಬಿಡುವ ಹಾಗೆ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ತಿಕ್ಕಿದಳು.

ಹಕ್ಕಿಯದು ಹೋಯಿತು. ಅದರ ಜೊತೆಗೆ ಅಂಗೈಯಗಲದ ಹೊಳಪೂ ಹೋಯಿತು. ಬಾಯಿಯ ಹಬೆ ತಾಗಿದ ಕನ್ನಡಿಯಂಥ ಮಂಕು. ಮತ್ತೆ ತೊಳೆದಳು, ಮತ್ತೆ ಒರೆಸಿದಳು. ಹಬೆಯಾಗಿದ್ದರೆ ಹೋಗುತ್ತಿತ್ತು.

(ಓದುಗರೇ, ನಾನೂ ಈ ಬಗ್ಗೆ ಸಾಕಷ್ಟು ಓದಿದೆ. ಪಾತ್ರೆ ತೊಳೆಯುವ ಲಿಕ್ವಿಡ್ ಅಪರೂಪಕ್ಕೊಮ್ಮೆ ಪರವಾಗಿಲ್ಲ ಎನ್ನುವವರಿದ್ದಾರೆ. ಬಣ್ಣದ ಮೇಲಿನ ಮೇಣದ ಪದರ ಎದ್ದುಹೋಗುತ್ತದೆ, ಅದರ ತಂಟೆಯೇ ಬೇಡ ಎನ್ನುವವರಿದ್ದಾರೆ. ಟೈಲ್ಸ್ ಕ್ಲೀನರ್ ಹಾಕಿ ಎಂದವರನ್ನು ಮಾತ್ರ ನಾನು ಕಾಣಲಿಲ್ಲ. ಇಷ್ಟು ಓದಿಯೂ ಬಾಟಲಿಯನ್ನು ಅವಳ ಕೈಗೆ ಕೊಟ್ಟೆನಲ್ಲ, ಅದಕ್ಕೇ ನಿದ್ದೆ ಬರುತ್ತಿಲ್ಲ.)

೫

(ನಾಲ್ಕನೆಯ ಭಾಗದಲ್ಲಿ ಸೊಸೆ ಮನೆಯಲ್ಲಿದ್ದುದನ್ನೆಲ್ಲ ಆ ಕಲೆಗೆ ಹಚ್ಚಿ ನೋಡುತ್ತಾಳೆ: ಹಲ್ಲುಪುಡಿ, ತೆಂಗಿನೆಣ್ಣೆ, ಶೂ ಪಾಲಿಶ್. ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ತೆಗೆದುಹಾಕಿದೆ.)

ಮಾವ ಬಂದರು. ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಮನೆಯೊಳಗೆ ಕಾಲಿಡದೆ ನೇರ ಕಾರಿನ ಹತ್ತಿರ ಹೋದರು. ಸೊಸೆ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆಯೇ ನಡೆದಳು. ತಪ್ಪೊಪ್ಪಿಗೆಯ ಮಾತನ್ನು ರಾತ್ರಿಯೆಲ್ಲಾ ಬಾಯಿಪಾಠ ಮಾಡಿಕೊಂಡಿದ್ದಳು.

ಮಾವ ಕನ್ನಡಕವನ್ನು ಹಣೆಗೆ ಏರಿಸಿದರು.

"ಇದ್ಯಾರ ಕಾರು?"

"ಮಾವ, ನಮ್ದೇ..."

"ನಮ್ದು ಫಳಫಳ ಅಂತಿತ್ತಲ್ಲೇ!" ಅವರು ಕಾರಿನ ಟಾಪಿಗೆ ಮುಖ ಹತ್ತಿರ ತಂದರು. ಅಲ್ಲಿ ತುಂಬಾ ಗೀರುಗಳು, ಸುತ್ತುಸುತ್ತಾಗಿ, ಕೈ ಆಡಿದ ದಾರಿಯಲ್ಲೇ. ಬಾಗಿಲುಗಳ ಮೇಲೂ. ಬಾನೆಟ್ ಮೇಲೆ ಅಲ್ಲಲ್ಲಿ ಮಂಕು. ಸೊಸೆ ತನ್ನ ಕಲೆಯನ್ನಷ್ಟೇ ದಿಟ್ಟಿಸುತ್ತಾ ಇವನ್ನೆಲ್ಲ ನೋಡಿಯೇ ಇರಲಿಲ್ಲ.

"ನೀನು ತೊಳೆಯೋದು ಶಾಂಪೂಲಿ ಅಲ್ವೇನಪ್ಪಾ ಅಂತ ಮಗಳು ಕೇಳಿದ್ಲು," ಎಂದರು ಮಾವ, ಮೆಲ್ಲಗೆ. "ಬಟ್ಟೆ ಸೋಪಿನ ಪುಡಿ ಕಣೇ ಅಂದೆ. ಬಿದ್ದು ಬಿದ್ದು ನಕ್ಕಳು. ಕರಗದ ಪುಡಿ ಇಟ್ಕೊಂಡು ಇಷ್ಟು ವರ್ಷ ಉಜ್ಜಿದೀನಿ ನೋಡು. ಇದೆಲ್ಲಾ ನನ್ನದೇ ಕೈಚಳಕ."

ಈಗ ಸೊಸೆಯ ಮುಂದೆ ಒಂದು ಬಾಗಿಲು ತೆರೆಯಿತು. ಇಷ್ಟೊಂದು ಕಲೆಗಳ ನಡುವೆ ಅವಳದೊಂದು ಯಾರಿಗೆ ಗೊತ್ತಾಗುತ್ತದೆ? ಸುಮ್ಮನಿದ್ದರೆ ಸಾಕು.

ಅಂತ್ಯ (ಒಂದು ಬಗೆ)

ಅವಳು ಸುಮ್ಮನಿದ್ದಳು. "ಇನ್ನು ನಾನು ಮುಟ್ಟಲ್ಲ, ನೀನೇ ಇಟ್ಕೋಮ್ಮಾ," ಎಂದು ಮಾವ ತಲೆ ತಗ್ಗಿಸಿ ಒಳಗೆ ಹೋದರು. ಮರುದಿನದಿಂದ ಅವಳು ಕಾರಿನಲ್ಲೇ ಕೆಲಸಕ್ಕೆ ಹೋದಳು.

"ಇದು ಚೆನ್ನಾಗಿದೆ," ಎಂದಳು ಸೊಸೆ. "ಇಲ್ಲಿಗೇ ನಿಲ್ಲಿಸಿ." ಆಮೇಲೆ ಇನ್ನೊಮ್ಮೆ ಓದಿದಳು. 'ತಲೆ ತಗ್ಗಿಸಿ' ಎಂಬಲ್ಲಿ ನಿಂತಳು. "ಇಲ್ಲ. ಹರಿದುಹಾಕಿ."

ಅಂತ್ಯ (ಇನ್ನೊಂದು ಬಗೆ)

ಅವಳು ಎಲ್ಲವನ್ನೂ ಹೇಳಿ ಅತ್ತಳು. ಮಾವ ಅವಳನ್ನು ತಬ್ಬಿಕೊಂಡರು. ಸೂರ್ಯ ಮುಳುಗಿದ.

"ಏನಪ್ಪಾ ರೈಟರ್ರೇ," ಎಂದರು ಮಾವ, "ನನ್ನ ಜನ್ಮದಲ್ಲಿ ನಾನು ಯಾರನ್ನಾದ್ರೂ ತಬ್ಬಿಕೊಂಡಿದ್ದು ನೋಡಿದೀಯಾ? ಬೆಳಗ್ಗೆ ತಾನೇ ಬಂದಿದೀನಿ, ಅಷ್ಟರಲ್ಲೇ ಸೂರ್ಯನ್ನೂ ಮುಳುಗಿಸಿದೆ."

ಅಂತ್ಯವಲ್ಲ

ನಾನು ಕೈ ಕಟ್ಟಿ ಕೂತೆ. ಅವರೇ ಮಾತಾಡಿಕೊಂಡರು.

"ಮಾವ, ಎಲ್ಲಾ ನಿಮ್ಮದಲ್ಲ," ಎಂದಳು ಸೊಸೆ. "ಬಾನೆಟ್ ಮೇಲಿಂದು ನಂದು. ಟೈಲ್ಸ್ ಕ್ಲೀನರ್ ಹಾಕ್ದೆ."

"ಟೈಲ್ಸಿಂದಾ? ಕಾರಿಗಾ?"

"ಹೂಂ."

"ನಾನೇ ಪರವಾಗಿಲ್ಲ ಹಾಗಾದ್ರೆ." ನಕ್ಕರೋ ಗೊಣಗಿದರೋ ತಿಳಿಯಲಿಲ್ಲ. "ಯಾವುದು ತೋರ್ಸು?"

ಅವಳು ಬೆರಳಿಟ್ಟಳು. ಮಾವ ಕಣ್ಣು ಮುಚ್ಚಿ ಅಲ್ಲಿ ಅಂಗೈ ಆಡಿಸಿದರು. "ಇದು ಮೊದಲೇ ಇತ್ತು. ಇಲ್ಲಿ ನನ್ನ ಕೈಗೆ ಯಾವಾಗ್ಲೂ ಸ್ವಲ್ಪ ತಡೀತಿತ್ತು."

"ಇಲ್ಲ ಮಾವ, ನಾನೇ ಮಾಡಿದ್ದು. ನನ್ನ ಕಣ್ಣಾರೆ ನೋಡಿದೀನಿ."

"ನೀನು ಮೊದ್ಲು ಹೇಗಿತ್ತು ಅಂತ ನೋಡಿದ್ಯಾ?"

ಅವಳು ನೋಡಿರಲಿಲ್ಲ. ಆಗ ಅಲ್ಲಿ ಹಕ್ಕಿಯ ಹಿಕ್ಕೆ ಮುಚ್ಚಿತ್ತು.

ಮಾವ ನಲ್ಲಿಯ ಹತ್ತಿರ ಹೋಗಿ ಮಗ್ಗಿನ ತುಂಬಾ ನೀರು ತಂದರು. "ಕಣ್ಣಿಗೆ ನೀರು ಹಾರತ್ತೆ ಮಾವ, ಡಾಕ್ಟ್ರು ಬೈತಾರೆ!" ಅನ್ನುವಷ್ಟರಲ್ಲಿ ಮುಖ ಆಚೆ ತಿರುಗಿಸಿ ಬಾನೆಟ್ ಮೇಲೆ ಸುರಿದೇಬಿಟ್ಟರು. ಗೀರು ಮಾಯ. ಮಂಕು ಮಾಯ. ಕಾರು ಅಂಗಡಿಯಿಂದ ಈಗಷ್ಟೇ ಬಂದ ಹಾಗೆ ಫಳಫಳ ಎಂದಿತು. ಇಷ್ಟು ವರ್ಷ ಅವರು ಮಸುಕಿನಲ್ಲಿ ಕಂಡಿದ್ದು ಈ ಒದ್ದೆ ಕಾರನ್ನೇ ಇರಬೇಕು.

ಸೊಸೆ ಒರೆಸುವ ಬಟ್ಟೆ ಎತ್ತಿಕೊಂಡಳು. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ನೋಡಿದರು. ಅಂಚಿನಿಂದ ನೀರು ಆರತೊಡಗಿತು, ಅಲ್ಲಿ ಮಂಕು ಮತ್ತೆ ಇಣುಕಿತು.

ಮಾವ ಸೊಸೆಯ ಕಡೆ ಕೈ ಚಾಚಿದರು. ಅವಳ ಒಂದು ಕೈಯಲ್ಲಿ ಬಟ್ಟೆಯಿತ್ತು, ಇನ್ನೊಂದರಲ್ಲಿ ಕೀ.

ಅವರು ಕೇಳಿದ್ದು ಯಾವುದನ್ನು, ಒರೆಸಲು ಬಟ್ಟೆಯನ್ನೋ, ವಾಪಸ್ಸು ಕೀಯನ್ನೋ? ಅವಳಿಗೆ ಗೊತ್ತಾಗಲಿಲ್ಲ. ನನ್ನನ್ನು ನೋಡಿದಳು. ಬಾನೆಟ್ ಇನ್ನೂ ಪೂರ್ತಿ ಒಣಗಿಲ್ಲ, ನನಗೂ ಗೊತ್ತಿಲ್ಲ.