ಬೇಟೆ ಬಂಗ್ಲೆಯ ಪುಸ್ತಕ

ಹುಲಿಚರ್ಮವನ್ನು ಗೆದ್ದಲು ತಿಂದಿತು, ಕುರ್ಚಿಗಳನ್ನು ತಿಂದಿತು, ದೊರೆಯ ಫೋಟೋವನ್ನೂ ಬಿಡಲಿಲ್ಲ. ಕೊಲ್ಲಮೊಗ್ರಿನ ಕಾಡಂಚಿನ ಬೇಟೆ ಬಂಗ್ಲೆಯಲ್ಲಿ ನೆಟ್ಟಗೆ ಉಳಿದದ್ದು ದೊರೆಗಳು ಬೇಟೆಯ ಲೆಕ್ಕ ಬರೆಯುತ್ತಿದ್ದ ಒಂದು ದಪ್ಪ ಪುಸ್ತಕ ಮಾತ್ರ. ಅದೂ ತಾನಾಗಿ ಉಳಿದದ್ದಲ್ಲ ಮಾರಾಯ್ರೆ, ಕಾವಲುಗಾರ ಚನಿಯಪ್ಪ ಉಳಿಸಿದ್ದು. ಮಳೆಗಾಲ ಬಂತೆಂದರೆ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವ ಹಾಗೆ ಇಡುತ್ತಿದ್ದ. ಹೆತ್ತ ಮಗುವನ್ನಾದರೂ ಯಾರು ಅಷ್ಟು ನೋಡಿಕೊಂಡಾರು!

ಕಾರಣ ಇತ್ತು. ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ ಮದ್ರಾಸಿನ ಗವರ್ನರ್ ದೊರೆ ಹುಲಿ ಹೊಡೆಯಲು ಬಂದಾಗ, ಡೋಲು ಬಡಿದು ಕಾಡು ಎಬ್ಬಿಸಿದವರಲ್ಲಿ ಚನಿಯಪ್ಪನ ಅಪ್ಪ ತ್ಯಾಂಪಣ್ಣನೂ ಇದ್ದ. ಗುಂಡು ತಾಗಿದ ಹುಲಿ ಸಾಯುವ ಮೊದಲು ಅವನ ಮೇಲೆ ಬಿದ್ದು ಅವನನ್ನು ಕೊಂದಿತು. ದೊರೆಯ ಬಟ್ಲರ ಬಂದು ತ್ಯಾಂಪಣ್ಣನ ಹೆಂಡತಿ ಅಮ್ಮುವಿಗೆ ಹೇಳಿದ್ದು ಇಷ್ಟು: "ಅಳ್ಬೇಡ. ದೊರೆ ತಮ್ಮ ಕೈಯಲ್ಲೇ ನಿನ್ನ ಗಂಡನ ಹೆಸ್ರು ಪುಸ್ತಕದಲ್ಲಿ ಬರ್ದಿದ್ದಾರೆ."

ಅಮ್ಮು ನಂಬಿದಳು. ಸಾಯುವ ತನಕ ಪ್ರತಿ ದೀಪಾವಳಿಗೆ ಬಂದು ಪುಸ್ತಕದೊಳಗೆ ಹೂವಿಟ್ಟು ಕಣ್ಣಿಗೊತ್ತಿಕೊಂಡಳು. ಅವಳ ನಂತರ ಮಗ. ಇಬ್ಬರಿಗೂ ಇಂಗ್ಲಿಷ್ ಎಂದರೆ ಇರುವೆ ಸಾಲು. ಯಾರಿಂದಲಾದರೂ ಓದಿಸಬಾರದಿತ್ತೇ ಎನ್ನಬೇಡಿ. ದೇವರ ಪೆಟ್ಟಿಗೆಯನ್ನು ಯಾರಾದರೂ ತೆರೆದು ಪರೀಕ್ಷೆ ಮಾಡುತ್ತಾರಾ?

ಐವತ್ತೇಳರಲ್ಲಿ, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಬಂಗ್ಲೆಯ ಅಳಿದುಳಿದ ಸಾಮಾನು ಮಂಗಳೂರಿಗೆ ಸಾಗಿಸಲು ಪುತ್ತೂರಿನಿಂದ ಗುಮಾಸ್ತ ತೀರ್ಥರಾಮ ಜೀಪಿನಲ್ಲಿ ಬಂದ. ಪುಸ್ತಕವೂ ಹೋಗಬೇಕು.

"ತಕೊಂಡು ಹೋಗುವ ಮೊದ್ಲು ಒಮ್ಮೆ ಓದಿ ಸ್ವಾಮಿ," ಎಂದ ಚನಿಯಪ್ಪ. "ನನ್ನ ಅಪ್ಪನ ಹೆಸ್ರು ಉಂಟು ಅದ್ರಲ್ಲಿ. ಒಂದು ಸಲ ಕಿವಿಯಾರೆ ಕೇಳ್ಬೇಕು."

ತೀರ್ಥರಾಮ ಆ ದಿನದ ಪುಟ ಹುಡುಕಿ ಕನ್ನಡ ಮಾಡುತ್ತಾ ಓದಿದ. "ಗಂಡು ಹುಲಿ ಒಂದು, ಒಂಬತ್ತಡಿ ಎರಡಿಂಚು. ಕಡವೆ ಎರಡು. ಹವೆ ಚೆನ್ನಾಗಿತ್ತು." ಅಲ್ಲಿಗೆ ನಿಲ್ಲಿಸಿದ.

"ಎಂತ ಸ್ವಾಮಿ?"

"ಒಂದು ಹೆಸ್ರು ಉಂಟು."

"ಓದಿ, ಓದಿ."

"ಜಿಮ್ಮಿ. ದೊರೆಯ ನಾಯಿ. ಅದನ್ನೂ ಹುಲಿ ಕೊಂದದ್ದಂತೆ. ಇಷ್ಟು ನಿಯತ್ತಿನ ಜೀವ ಇನ್ನು ಸಿಗ್ಲಿಕ್ಕಿಲ್ಲ ಅಂತ ಬರ್ದಿದ್ದಾರೆ."

"ಮತ್ತೆ?"

"ಮತ್ತೆ ರಾತ್ರಿ ಊಟಕ್ಕೆ ಎಂತ ಇತ್ತು ಅಂತ. ಅಷ್ಟೇ."

ಬೇರೆಯವರಾಗಿದ್ದರೆ ಬಂಗ್ಲೆಗೇ ಬೆಂಕಿ ಇಡುತ್ತಿದ್ದರು. ಚನಿಯಪ್ಪನಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಕಾಲಿಗೆ ಜೋಮು ಹಿಡಿದ ಹಾಗೆ ಎದೆಗೆ ಜೋಮು ಹಿಡಿದಿತ್ತು. ಅಮ್ಮ ಇಷ್ಟು ವರ್ಷ ನಾಯಿಗೆ ಹೂವಿಟ್ಟಳಲ್ಲ ಎಂದಷ್ಟೇ ಹೊಳೆಯಿತು.

ತೀರ್ಥರಾಮ ಒಳ್ಳೆಯ ಮನುಷ್ಯ. ಕಿಸೆಯಿಂದ ಪೆನ್ನು ತೆಗೆದ. "ಕೆಳಗೆ ಜಾಗ ಉಂಟು. ಅಪ್ಪನ ಹೆಸ್ರು ಹೇಳಿ, ನಾನು ಬರೀತೇನೆ."

ಚನಿಯಪ್ಪ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ.

"ಬೇಡ ಸ್ವಾಮಿ. ನಾಯಿಯ ಕೆಳಗೆ ಬೇಡ."

ಪುಟಗಳ ನಡುವೆ ಒಣಗಿದ್ದ ಹೂಗಳನ್ನು ಒಂದೂ ಬಿಡದೆ ಆರಿಸಿ ಹೆಗಲ ಮೇಲಿನ ಬೈರಾಸಿನ ತುದಿಗೆ ಕಟ್ಟಿಕೊಂಡ. ಆಮೇಲೆ ಪುಸ್ತಕವನ್ನು ತಾನೇ ಹೊತ್ತುಕೊಂಡು ಹೋಗಿ ಜೀಪಿನಲ್ಲಿಟ್ಟ.